ದೂರದಲ್ಲಿ ಇರಿಸಿದ ಹಿರಿಯರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವುದಾದರೊಂದು ಹಳ್ಳಿಯ ದಾರಿಯಲ್ಲಿ ಮಳೆಗಾಲದ ಸಂಜೆ ನಡೆದುಹೋಗುವವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಮನೆಗಳು ದೊಡ್ಡವು, ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ, ಮೇಲೆ ಉಪ್ಪರಿಗೆ. ಆದರೆ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ. ಹತ್ತು ಹನ್ನೆರಡು ಮಂದಿ ಉಂಡು ಮಲಗುತ್ತಿದ್ದ ಮನೆಯಲ್ಲಿ ಈಗ ಇರುವವರು ಒಬ್ಬರು ಮುದುಕಿ, ಅಥವಾ ಮುದುಕ ಮುದುಕಿ ಇಬ್ಬರು.

ಇದು ನಮ್ಮ ಕಣ್ಣಿನ ಭ್ರಮೆಯಲ್ಲ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರ ಗಣತಿಯಲ್ಲಿ 11,40,905 ಇದ್ದುದು 2011ರಲ್ಲಿ 11,37,961ಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ 15.6ರಷ್ಟು ಏರಿತ್ತು. ಮಕ್ಕಳು ಕಡಿಮೆ ಹುಟ್ಟುತ್ತಿರುವುದು ಇದಕ್ಕೆ ಒಂದು ಕಾರಣ. ಹುಟ್ಟಿದವರು ಓದಿ ಹೊರಟುಹೋಗುತ್ತಿರುವುದು ಇನ್ನೊಂದು. ಅಡಿಕೆಯ ತೋಟಕ್ಕೆ ಹಳದಿ ಎಲೆ ರೋಗ ಬಂದಮೇಲೆ ಹೋಗುವವರನ್ನು ತಡೆಯುವ ಧೈರ್ಯವೂ ತಂದೆತಾಯಿಗಳಿಗೆ ಉಳಿಯಲಿಲ್ಲ. ಮದ್ದು ಕಾಣದ ಆ ರೋಗ ಈ ಮೂರು ತಾಲ್ಲೂಕುಗಳ ಎಷ್ಟೋ ತೋಟಗಳನ್ನು ಬರಿದುಮಾಡಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರ ಜೊತೆಗೆ ಸೇರಿದೆ. ಮಗ ಬೆಂಗಳೂರಿನಲ್ಲಿ, ಮಗಳು ಕಡಲಾಚೆ, ತೋಟದಲ್ಲಿ ಅರೆಜೀವದ ಮರಗಳು, ಮನೆಯಲ್ಲಿ ಎಂಬತ್ತರ ತಾಯಿ. ವಾಚಕರಲ್ಲಿ ಅನೇಕರಿಗೆ ಈ ಚಿತ್ರವನ್ನು ನಾವು ಹೆಚ್ಚು ವರ್ಣಿಸಬೇಕಾಗಿಲ್ಲ.

ಆ ತಾಯಿ ಒಂದು ದಿನ ಬಚ್ಚಲುಮನೆಯಲ್ಲಿ ಜಾರಿ ಬೀಳುತ್ತಾಳೆ. ಅಲ್ಲಿಂದ ಮುಂದಿನ ಪ್ರಶ್ನೆಯೇ ಈ ಲೇಖನದ ವಿಷಯ.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಸಣ್ಣ ಶಸ್ತ್ರಚಿಕಿತ್ಸೆಗೋ ಹೋಗುವ ಖಾಸಗಿ ಆಸ್ಪತ್ರೆ. ಪಶ್ಚಿಮ ದೇಶಗಳಲ್ಲಿ ಅದೇ ಹೆಸರು, ಏಳಲಾರದ ವೃದ್ಧರನ್ನು ಕೊನೆಯವರೆಗೆ ಇರಿಸಿಕೊಂಡು ನೋಡಿಕೊಳ್ಳುವ ಮನೆಗೆ ಸಲ್ಲುತ್ತದೆ. ಅಂತಹ ಮನೆಯನ್ನು ನಾವು ವೃದ್ಧಾಶ್ರಮವೆಂದು ಕರೆಯುತ್ತೇವೆ. ಆಶ್ರಮವೆಂಬ ಮಾತಿನಲ್ಲಿ ಒಂದು ಶಾಂತಿಯ ಭಾವವಿದೆ, ನಿಜ. ಆದರೆ ಮಗ್ಗುಲು ಬದಲಿಸಲಾರದ ಒಬ್ಬಾಕೆಗೆ ಬೇಕಾಗಿರುವುದು ಶಾಂತಿಗಿಂತ ಮೊದಲು ಶುಶ್ರೂಷೆ. ಹೆಸರಿನಿಂದ ಆಗಿರುವ ಈ ಮರೆವು ಸಣ್ಣದಲ್ಲವೆಂದು ನಮಗೆ ತೋರುತ್ತದೆ.

ಹಿರಿಯರನ್ನು ವೃದ್ಧಾಶ್ರಮದಲ್ಲಿ ಇರಿಸುವುದೇ ಪಾಪವೆನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾವು ಆ ಪಕ್ಷದವರಲ್ಲ. ಸ್ವಂತ ಮನೆಯ ಕತ್ತಲೆ ಕೋಣೆಯಲ್ಲಿ, ಮೂವರು ಸೊಸೆಯರ ನಡುವೆ, ನೀರಿಗಾಗಿ ಕೂಗಿ ಕೂಗಿ ಸುಮ್ಮನಾದ ಮುದುಕಿಯರನ್ನು ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವು ಕಂಡಿದ್ದೇವೆ. ಅವಿಭಕ್ತ ಕುಟುಂಬದ ಸ್ತೋತ್ರ ಮಾಡುವವರು ಆ ಕೋಣೆಗಳನ್ನು ಸೌಕರ್ಯವಾಗಿ ಮರೆಯುತ್ತಾರೆ. ಎಲ್ಲಿ ಇರಿಸಿದರೆಂಬುದು ಮುಖ್ಯವಲ್ಲ. ಇರಿಸಿದಮೇಲೆ ಯಾರು ನೋಡುತ್ತಿರುವರೆಂಬುದು ಮುಖ್ಯ. ಈ ಮಾತನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ.

ನಮ್ಮ ದೊಡ್ಡಮ್ಮನವರು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯವರು. ಮಕ್ಕಳಿಲ್ಲ, ಯಜಮಾನರು ತೀರಿ ಬಹಳ ಕಾಲವಾಗಿತ್ತು. ಎಂಬತ್ತೆರಡನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಬಳಿ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಹಳ್ಳಿಯ ಮನೆಗೆ ಕರೆತಂದರೆ ಹಗಲಿರುಳು ನೋಡಿಕೊಳ್ಳುವವರು ಯಾರು? ದೂರದ ನಗರವೊಂದರ ವೃದ್ಧಾಶ್ರಮದಲ್ಲಿ ಅವರನ್ನು ಸೇರಿಸಿದೆವು. ಕಟ್ಟಡ ಹೊಸದು, ಗೋಡೆಗೆ ಬಿಳಿಯ ಬಣ್ಣ, ಬಾಗಿಲಲ್ಲಿ ತುಳಸಿಯ ಕಟ್ಟೆ. ತಿಂಗಳಿಗೆ ಕೊಡಬೇಕಾದ ಹಣ ನಮ್ಮ ಶಕ್ತಿಗೆ ಸ್ವಲ್ಪ ಮೀರಿದ್ದು. ಆದುದರಿಂದಲೇ ಆರೈಕೆ ಒಳ್ಳೆಯದಿರಬೇಕೆಂದು ನಂಬಿದೆವು.

ಜ್ಯೇಷ್ಠದಿಂದ ಭಾದ್ರಪದದವರೆಗೆ ನಾವು ಅಲ್ಲಿಗೆ ಹೋಗಲಿಲ್ಲ. ಮಳೆ, ತೋಟಕ್ಕೆ ಔಷಧಿ ಹೊಡೆಸುವ ಕೆಲಸ, ದಾರಿಯ ದೂರ, ಕಾರಣಗಳಿಗೆ ಕೊರತೆಯಿರಲಿಲ್ಲ. ಪ್ರತಿ ಭಾನುವಾರ ದೂರವಾಣಿಯಲ್ಲಿ ಮಾತನಾಡುತ್ತಿದ್ದೆವು. ಅಲ್ಲಿಯ ಹುಡುಗಿ ದೂರವಾಣಿಯನ್ನು ಅವರ ಕಿವಿಗೆ ಹಿಡಿಯುತ್ತಿದ್ದಳು, ಅವರು “ಚೆನ್ನಾಗಿದ್ದೇನೆ, ತೋಟ ಹೇಗಿದೆ” ಎನ್ನುತ್ತಿದ್ದರು. ನವರಾತ್ರಿಗೆ ಮುಂಚೆ ಹೋದಾಗ ಕಂಡ ಮುಖದ ಗುರುತು ಹಿಡಿಯಲು ನಮಗೆ ಒಂದು ಕ್ಷಣ ಬೇಕಾಯಿತು. ನಮ್ಮ ಜೊತೆ ಬಂದಿದ್ದ ಹೆಂಗಸರು ಕಾಲುಚೀಲವನ್ನು ಬಿಚ್ಚಿದಾಗ ಬಲಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಹುಣ್ಣು ಕಾಣಿಸಿತು. ಬೆನ್ನಿನ ಕೆಳಗೆ ಇನ್ನೊಂದು. ಅದರ ವಿವರ ಇಲ್ಲಿ ಬೇಡ.

ಅಲ್ಲಿಯ ವ್ಯವಸ್ಥಾಪಕರು ಕ್ರೂರಿಯಾಗಿದ್ದರೆ ನಮಗೆ ಬರೆಯುವುದು ಸುಲಭವಾಗುತ್ತಿತ್ತು. ಅವರು ಕ್ರೂರಿಯಲ್ಲ, ಹುಣ್ಣನ್ನು ನೋಡಿ ಬೆವರಿ ನಿಂತರು. ಇಪ್ಪತ್ತೆರಡು ಮಂದಿ ವೃದ್ಧರಿಗೆ ರಾತ್ರಿಯ ಹೊತ್ತು ಒಬ್ಬಳೇ ಹುಡುಗಿ ಇರುತ್ತಿದ್ದಳೆಂಬುದು ಆಮೇಲೆ ತಿಳಿಯಿತು. ಆ ಪ್ರಶ್ನೆಯನ್ನು ಸೇರಿಸುವ ದಿನವೇ ನಾವು ಕೇಳಬಹುದಾಗಿತ್ತು. ಊಟದ ಪಟ್ಟಿಯನ್ನು ಕೇಳಿದ್ದೆವು, ಭಜನೆಯ ವೇಳೆಯನ್ನು ಕೇಳಿದ್ದೆವು, ಅದೊಂದನ್ನು ಕೇಳಲಿಲ್ಲ.

ಹಾಸಿಗೆ ಹುಣ್ಣು ಹೇಗೆ ಆಗುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಏಕೆಂದರೆ ಅಲಕ್ಷ್ಯವು ದೇಹದ ಮೇಲೆ ಬರೆಯುವ ಮೊದಲನೆಯ ಅಕ್ಷರ ಅದು. ಚರ್ಮಕ್ಕೂ ಮಾಂಸಕ್ಕೂ ರಕ್ತವನ್ನು ತಲುಪಿಸುವ ಅತಿ ಸಣ್ಣ ನಾಳಗಳಿಗೆ ಲೋಮನಾಳಗಳೆಂದು ಹೆಸರು. ಅವುಗಳೊಳಗಿನ ರಕ್ತದ ಒತ್ತಡ ಬಹಳ ಕಡಿಮೆ. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿಯು ಉಗುರಿನ ಬುಡದ ಲೋಮನಾಳಗಳಲ್ಲಿ ಅದನ್ನು ಅಳೆದು, ರಕ್ತ ಒಳಬರುವ ತುದಿಯಲ್ಲಿ ಸರಾಸರಿ 32 ಮಿಲಿಮೀಟರು ಪಾದರಸದಷ್ಟು ಎಂದು ಕಂಡುಕೊಂಡನು. ತೋಳಿಗೆ ಪಟ್ಟಿ ಕಟ್ಟಿ ನೋಡುವ ನಮ್ಮ ಸಾಮಾನ್ಯ ರಕ್ತದೊತ್ತಡ 120ರ ಸುಮಾರಿನಲ್ಲಿರುವುದನ್ನು ನೆನೆದರೆ ಇದು ಎಷ್ಟು ಅಲ್ಪವೆಂದು ತಿಳಿಯುತ್ತದೆ. ಮಲಗಿದವರ ದೇಹದ ಭಾರವು ಹಾಸಿಗೆಗೆ ತಾಗುವ ಮೂಳೆಯ ಉಬ್ಬುಗಳ ಮೇಲೆ, ಎಂದರೆ ಹಿಮ್ಮಡಿ, ಟೊಂಕದ ಕೆಳಭಾಗ, ಸೊಂಟದ ಪಕ್ಕ, ಮೊಣಕೈಗಳ ಮೇಲೆ, ಇದಕ್ಕಿಂತ ಹೆಚ್ಚಿನ ಒತ್ತಡವನ್ನು ಹೇರುತ್ತದೆ. ಆಗ ಆ ನಾಳಗಳು ಮುಚ್ಚಿಕೊಳ್ಳುತ್ತವೆ. ಆರೋಗ್ಯವಂತರಾದ ನಾವು ನಿದ್ರೆಯಲ್ಲಿಯೂ ಅರಿಯದೆ ಹೊರಳುತ್ತೇವೆ. ರಕ್ತ ಮತ್ತೆ ಹರಿಯುತ್ತದೆ. ಹೊರಳಲಾರದವರಿಗೆ, ಅಥವಾ ನಿದ್ರೆಯ ಮಾತ್ರೆಯಿಂದ ಹೊರಳುವುದನ್ನೇ ಮರೆತವರಿಗೆ, ಆ ಅಂಗಾಂಶ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಎಷ್ಟೋ ವೇಳೆ ಮೂಳೆಯ ಬಳಿ ಒಳಗಿನ ಮಾಂಸ ಮೊದಲು ಸಾಯುವುದು. ಮೇಲಿನ ಚರ್ಮ ಆಮೇಲೆ ಒಡೆಯುವುದು. ಹುಣ್ಣು ಕಂಡ ದಿನ ಅದು ಹುಟ್ಟಿದ ದಿನವಲ್ಲ.

ಇದರ ಪರೀಕ್ಷೆಗೆ ವೈದ್ಯರೇ ಬೇಕೆಂದಿಲ್ಲ. ಹಿಮ್ಮಡಿಯಲ್ಲಾಗಲಿ ಟೊಂಕದಲ್ಲಾಗಲಿ ಕೆಂಪಗಾದ ಜಾಗ ಕಂಡರೆ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಚಿಕೊಂಡು ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆಯೆಂದು ಅರ್ಥ. ಒತ್ತಿದರೂ ಕೆಂಪು ಮಾಸದಿದ್ದರೆ ಅದೇ ಹುಣ್ಣಿನ ಮೊದಲ ಹಂತ. ನಮ್ಮವರಂತೆ ಕಪ್ಪುಮೈಯವರಲ್ಲಿ ಕೆಂಪು ಕಾಣದಿರಬಹುದು. ಆಗ ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿದೆಯೆ, ಗಟ್ಟಿಯಾಗಿದೆಯೆ, ಮುಟ್ಟಿದರೆ ನೋವೆ ಎಂದು ಕೈಯಿಟ್ಟು ನೋಡಬೇಕು. ನೋಡಲು ಹೋದ ಬಂಧುಗಳು ಸಾಮಾನ್ಯವಾಗಿ ಮುಖವನ್ನು ನೋಡಿ, ಹಣ್ಣು ಕೊಟ್ಟು ಬರುತ್ತಾರೆ. ಕಾಲುಚೀಲ ತೆಗೆದು ನೋಡುವವರು ವಿರಳ.

ಇಂಗ್ಲೆಂಡಿನ ಡೊರೀನ್ ನಾರ್ಟನ್ ಎಂಬ ದಾದಿಯು ತನ್ನ ಸಂಗಡಿಗರೊಂದಿಗೆ ಆಸ್ಪತ್ರೆಗಳಲ್ಲಿಯ ವೃದ್ಧರ ಶುಶ್ರೂಷೆಯನ್ನು ಅಭ್ಯಾಸಮಾಡಿ 1962ರಲ್ಲಿ ಒಂದು ವರದಿಯನ್ನು ಪ್ರಕಟಿಸಿದಳು. ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಡುವ ಶಕ್ತಿ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಮಲಮೂತ್ರಗಳ ಹಿಡಿತ ಈ ಐದಕ್ಕೆ ಒಂದರಿಂದ ನಾಲ್ಕರವರೆಗೆ ಅಂಕ ಕೊಡುವುದು; ಮೊತ್ತ 14 ಅಥವಾ ಅದಕ್ಕಿಂತ ಕಡಿಮೆಯಾದರೆ ಹುಣ್ಣಾಗುವ ಅಪಾಯವಿದೆಯೆಂದು ತಿಳಿಯುವುದು. ಒಂದು ಕಾಗದ, ಒಂದು ಸೀಸದಕಡ್ಡಿ ಸಾಕಾಗುವ ಈ ಕ್ರಮ ಬಂದು ಅರುವತ್ತಕ್ಕೂ ಹೆಚ್ಚು ವರ್ಷಗಳಾದುವು. ಆ ವರದಿಯ ಕಾಲದಿಂದಲೂ ದಾದಿಯರಿಗೆ ಕಲಿಸುತ್ತ ಬಂದ ನಿಯಮ ಸರಳವಾದುದು: ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಈಗ ಬಂದಿರುವ ಒಳ್ಳೆಯ ಹಾಸಿಗೆಗಳಿಂದ ಈ ಅಂತರವನ್ನು ಕೆಲವರಿಗೆ ಹೆಚ್ಚಿಸಬಹುದಾಗಿದೆ. ಹೊರಳಿಸುವ ಕೆಲಸವನ್ನೇ ಬಿಡಲು ಬರುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ವೃದ್ಧಾಶ್ರಮದಲ್ಲಿ ಹೊರಳಲಾರದವರು ಹತ್ತು ಮಂದಿ ಇರುವರೆನ್ನೋಣ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂಟು ಗಂಟೆ; ಒಬ್ಬೊಬ್ಬರಿಗೆ ನಾಲ್ಕು ಸಲ, ಒಟ್ಟು ನಲವತ್ತು ಸಲ ಹೊರಳಿಸುವಿಕೆ. ಒದ್ದೆಯಾಗಿದೆಯೆ ಎಂದು ನೋಡಿ, ದಿಂಬು ಸರಿಪಡಿಸಿ, ಮಗ್ಗುಲು ಬದಲಿಸಲು ಐದು ನಿಮಿಷವಾದರೂ ಬೇಕು. 200 ನಿಮಿಷಗಳಾದುವು. ಚರ್ಮ ಹಾಸಿಗೆಗೆ ಉಜ್ಜದಂತೆ ಎತ್ತಿ ಹೊರಳಿಸಲು ಇಬ್ಬರು ಬೇಕು. ಮೂರೂಕಾಲು ಗಂಟೆಗಿಂತ ಹೆಚ್ಚು ಹೊತ್ತು ಇಬ್ಬರ ದುಡಿಮೆ ಇದೊಂದಕ್ಕೇ ಸಲ್ಲುತ್ತದೆ. ಬಟ್ಟೆ ಬದಲಿಸುವುದು, ನೀರು ಕೊಡುವುದು, ಎದ್ದು ಓಡಾಡುವವರನ್ನು ಹಿಡಿದು ಮಲಗಿಸುವುದು ಇವೆಲ್ಲ ಬೇರೆ. ರಾತ್ರಿ ಒಬ್ಬಳೇ ಇರುವ ಮನೆಯಲ್ಲಿ ಈ ಕೆಲಸ ಆಗುವುದೇ ಇಲ್ಲ. ಆ ಹುಡುಗಿ ಎಷ್ಟು ದಯಾವಂತಳಾದರೂ ಅಷ್ಟೆ. ವೃದ್ಧರ ಅಲಕ್ಷ್ಯವೆಂದೊಡನೆ ನಾವು ಕೆಟ್ಟ ಮನುಷ್ಯರನ್ನು ಹುಡುಕಲು ಹೊರಡುತ್ತೇವೆ. ಕೆಟ್ಟವರು ಇಲ್ಲವೆಂದಲ್ಲ. ಆದರೆ ಬಹುಪಾಲು ಅಲಕ್ಷ್ಯವು ಕೈಗಳ ಕೊರತೆಯಿಂದ, ಅದರಲ್ಲಿಯೂ ರಾತ್ರಿಯ ಕೈಗಳ ಕೊರತೆಯಿಂದ ಹುಟ್ಟತಕ್ಕದ್ದೆಂದು ನಮ್ಮ ನಂಬಿಕೆ. ವೃದ್ಧಾಶ್ರಮ ಕಡಿಮೆ ಬೆಲೆಗೆ ದೊರೆಯಿತೆಂದು ಸಂತೋಷಪಡುವವರು ಯಾವ ಕೈಯನ್ನು ಕಡಿತಮಾಡಿ ಆ ಬೆಲೆ ಬಂದಿತೆಂದು ವಿಚಾರಿಸಬೇಕು. ನಾವು ಕೊಟ್ಟ ಬೆಲೆಯಂತೂ ಕಡಿಮೆಯಾಗಿರಲಿಲ್ಲ.

ಹುಣ್ಣಿನ ಜೊತೆಗೆ ಇನ್ನು ಮೂರು ಗುರುತುಗಳನ್ನು ನೋಡಲು ನಾವು ಕಲಿತೆವು. ಮೊದಲನೆಯದು ತೂಕ. ಒಂದು ತಿಂಗಳಿನಲ್ಲಿ ನೂರಕ್ಕೆ ಐದು ಪಾಲು, ಅಥವಾ ಆರು ತಿಂಗಳಿನಲ್ಲಿ ನೂರಕ್ಕೆ ಹತ್ತು ಪಾಲು ತೂಕ ಇಳಿದರೆ ವೈದ್ಯರು ಅದನ್ನು ಅಪಾಯವೆಂದು ಎಣಿಸುತ್ತಾರೆ. ನಲವತ್ತು ಕಿಲೋ ತೂಗುವ ಮುದುಕಿಗೆ ತಿಂಗಳಿಗೆ ಎರಡೇ ಕಿಲೋ ಇಳಿದರೂ ಸಾಕು. ಸೀರೆಯೊಳಗೆ ಎರಡು ಕಿಲೋ ಕಾಣುವುದಿಲ್ಲ, ತಕ್ಕಡಿಯಲ್ಲಿ ಕಾಣುತ್ತದೆ. ತೂಕವೇಕೆ ಇಳಿಯುತ್ತದೆ? ಊಟ ಬಡಿಸುವುದಕ್ಕೂ ಉಣಿಸುವುದಕ್ಕೂ ವ್ಯತ್ಯಾಸವಿದೆ. ಹಲ್ಲಿಲ್ಲದವರಿಗೆ ಚಪಾತಿ ಬಡಿಸಿ, ಅರ್ಧ ಗಂಟೆಯಮೇಲೆ ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಹೋದರೆ ಪುಸ್ತಕದಲ್ಲಿ ಊಟವಾಯಿತೆಂದೇ ದಾಖಲೆಯಾಗುತ್ತದೆ. ಗಂಜಿ ಉಂಡು ಬೆಳೆದ ಮಲೆನಾಡಿನ ಜೀವ ಅದು. ಅರುವತ್ತು ವರ್ಷ ಎಲೆಯಡಿಕೆ ಹಾಕಿದ ಬಾಯಿ. ಈ ಸಣ್ಣ ವಿಷಯಗಳನ್ನು ಸೇರಿಸುವಾಗ ಯಾರೂ ಬರೆದುಕೊಳ್ಳುವುದಿಲ್ಲ.

ಎರಡನೆಯದು ನೀರು. 1984ರಲ್ಲಿ ಫಿಲಿಪ್ಸ್ ಮತ್ತು ಸಂಗಡಿಗರು ಏಳು ಮಂದಿ ತರುಣರನ್ನೂ, ಅರುವತ್ತೇಳು ವಯಸ್ಸಿಗೆ ಮೇಲ್ಪಟ್ಟ ಆರೋಗ್ಯವಂತರಾದ ಏಳು ಮಂದಿ ಹಿರಿಯರನ್ನೂ ಇಪ್ಪತ್ತನಾಲ್ಕು ಗಂಟೆಗಳ ಕಾಲ ನೀರಿಲ್ಲದೆ ಇರಿಸಿ ಪರೀಕ್ಷಿಸಿದರು. ಹಿರಿಯರ ದೇಹಕ್ಕೆ ನೀರಿನ ಕೊರತೆಯಾಗಿದ್ದರೂ ಅವರಿಗೆ ತರುಣರಷ್ಟು ಬಾಯಾರಿಕೆ ತೋರಲಿಲ್ಲ. ನೀರು ಕೊಟ್ಟಾಗಲೂ ಅವರು ಕಡಿಮೆ ಕುಡಿದರು. ಮುಪ್ಪಿನಲ್ಲಿ ಬಾಯಾರಿಕೆಯ ಗಂಟೆಯೇ ಮೆಲ್ಲಗೆ ಬಾರಿಸುತ್ತದೆಂದು ಇದರಿಂದ ತಿಳಿಯುತ್ತದೆ. “ಕೇಳಿದರೆ ಕೊಡುತ್ತೇವೆ” ಎನ್ನುವ ಆಶ್ರಮದಲ್ಲಿ ಕೇಳದವರು ಒಣಗುತ್ತಾರೆ. ರಾತ್ರಿ ಬಟ್ಟೆ ಒದ್ದೆಯಾಗುವುದೆಂದು ಸಂಜೆಯಿಂದಲೇ ನೀರು ಕೊಡದಿರುವ ಪದ್ಧತಿ ಮನೆಗಳಲ್ಲಿಯೂ ಉಂಟು, ಆಶ್ರಮಗಳಲ್ಲಿಯೂ ಉಂಟು.

ಮೂರನೆಯದು ಮಂಪರು. ನಿನ್ನೆಯವರೆಗೆ ಮಾತನಾಡುತ್ತಿದ್ದವರು ಇಂದು ಮಂಕಾಗಿ, ಹಗಲಿರುಳುಗಳ ಅರಿವಿಲ್ಲದೆ ತಡವರಿಸತೊಡಗಿದರೆ “ವಯಸ್ಸಾಯಿತು, ಮರೆವು” ಎಂದು ಸಮಾಧಾನ ಹೇಳುವವರೇ ಹೆಚ್ಚು. ಮರೆವಿನ ರೋಗ ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಬರತಕ್ಕದ್ದು. ಗಂಟೆ ದಿನಗಳಲ್ಲಿ ಬಂದ ಮಂಕು ಬೇರೆ; ಅದಕ್ಕೆ ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಔಷಧಿ ಇಂತಹ ಯಾವುದೋ ಕಾರಣವಿರುತ್ತದೆ; ಕಾರಣ ಸಿಕ್ಕರೆ ಅನೇಕ ವೇಳೆ ಗುಣವೂ ಆಗುತ್ತದೆ. ಕೆಲವೆಡೆ ಗಲಾಟೆ ಮಾಡುವ ವೃದ್ಧರನ್ನು ಸುಮ್ಮನಿರಿಸಲು ಮನೋರೋಗದ ಮಾತ್ರೆಗಳನ್ನು ಕೊಡುವುದುಂಟು. ಮರೆವಿನ ರೋಗವುಳ್ಳ ಹಿರಿಯರಲ್ಲಿ ಆ ಬಗೆಯ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುವುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿಯೇ ಎಚ್ಚರಿಕೆಯಿತ್ತಿದೆ. ಯಾವ ಯಾವ ಮಾತ್ರೆ ಕೊಡುತ್ತಿರುವಿರಿ, ಯಾವ ವೈದ್ಯರು ಬರೆದುದು, ಎಂದಿನಿಂದ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ? ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ 2007ರಲ್ಲಿ ಬಂದಿತು. ಮಕ್ಕಳು ಪೋಷಿಸದಿದ್ದರೆ ಹಿರಿಯರು ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಲಿಗೆ ಅರ್ಜಿ ಕೊಡಬಹುದು, ತಾವೇ ಹೋಗಲಾರದವರ ಪರವಾಗಿ ಅವರು ಒಪ್ಪಿದ ಬೇರೆಯವರೂ ಕೊಡಬಹುದು, ವಕೀಲರ ಅಗತ್ಯವಿಲ್ಲ. ಮಕ್ಕಳಿಲ್ಲದವರ ವಿಷಯದಲ್ಲಿ ಅವರ ಆಸ್ತಿಗೆ ಬಾಧ್ಯರಾಗುವ ಬಂಧುಗಳೂ ಹೊಣೆಗಾರರು. ನಮ್ಮಂತಹವರು, ಎಂದರೆ ಅಕ್ಕತಂಗಿಯರ ಮಕ್ಕಳು, ಇದನ್ನು ಗಮನಿಸತಕ್ಕದ್ದು. ನೋಡಿಕೊಳ್ಳುವರೆಂಬ ಷರತ್ತಿನ ಮೇಲೆ ತೋಟವನ್ನು ಬರೆದುಕೊಟ್ಟಿದ್ದು, ಬರೆಸಿಕೊಂಡವರು ನೋಡದಿದ್ದರೆ ಆ ಪತ್ರವನ್ನು ರದ್ದುಗೊಳಿಸಬಹುದೆಂದು 23ನೆಯ ವಿಧಿ ಹೇಳುತ್ತದೆ. ಈ ವಿಧಿಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ತೀರ್ಪಿತ್ತಿದೆ. ಆದರೂ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಜಾಣತನ. ಅದೇ ನ್ಯಾಯಾಲಯ 2022ರಲ್ಲಿ, ಷರತ್ತು ಇದ್ದುದು ಸಿದ್ಧಪಡದ ಒಂದು ಪ್ರಕರಣದಲ್ಲಿ ಪರಿಹಾರ ಕೊಡಲು ಒಪ್ಪಲಿಲ್ಲ.

ಹಿರಿಯರನ್ನು ಬಿಟ್ಟುಹೋಗುವುದು 24ನೆಯ ವಿಧಿಯ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯೊಂದರಲ್ಲಿಯೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋದ ಸಂಗತಿ 2025ರ ಆರಂಭದಲ್ಲಿ ಬೆಳಕಿಗೆ ಬಂದಾಗ, ದೂರು ದಾಖಲಿಸಬೇಕೆಂದು ರಾಜ್ಯದ ವೈದ್ಯಶಿಕ್ಷಣ ಸಚಿವರು ಸೂಚಿಸಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಒಳ್ಳೆಯದೇ ಆಯಿತು. ಆದರೆ ಈ ಕಾಯಿದೆಯ ಕಣ್ಣು ಬಿಟ್ಟುಹೋದವರನ್ನು ಕಾಣುತ್ತದೆ. ತಿಂಗಳು ತಿಂಗಳು ಹಣ ಕಳುಹಿಸುತ್ತ, ಭಾನುವಾರ ಮಾತನಾಡುತ್ತ ಇರುವವರ ಹಿರಿಯರ ಹಿಮ್ಮಡಿಯನ್ನು ಕಾಣುವುದಿಲ್ಲ. ಖಾಸಗಿ ವೃದ್ಧಾಶ್ರಮಗಳು ನೋಂದಣಿಯಾಗಲೇಬೇಕೆಂಬ ವಿಧಿಯೂ ಅದರಲ್ಲಿಲ್ಲ. ಪ್ರತಿ ಜಿಲ್ಲೆಯಲ್ಲಿಯೂ ನಿರ್ಗತಿಕರಾದ 150 ಮಂದಿಗೆ ಸಾಲುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಎಂದಿದೆ, ಬೇಕು ಎಂದಿಲ್ಲ. ನೋಂದಣಿಯನ್ನೂ ಕನಿಷ್ಠ ಮಟ್ಟದ ಆರೈಕೆಯನ್ನೂ ಕಡ್ಡಾಯಮಾಡುವ ತಿದ್ದುಪಡಿಯ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತು. ಆ ಸಭೆ 2024ರಲ್ಲಿ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಅಮೆರಿಕದಲ್ಲಿ ಇಂತಹ ಶಾಸನ 1987ರಲ್ಲಿಯೇ ಆಯಿತು. ಮುನ್ಸೂಚನೆಯಿಲ್ಲದೆ ತನಿಖೆ ಮಾಡತಕ್ಕದ್ದು, ಕಟ್ಟಿಹಾಕುವುದಾಗಲಿ ಔಷಧಿಯಿಂದ ಮಂಕುಮಾಡುವುದಾಗಲಿ ಸಲ್ಲದು ಎಂಬುವು ಅದರ ಮುಖ್ಯ ಅಂಶಗಳು. ಅಲ್ಲಿ ಅಲಕ್ಷ್ಯ ತೊಲಗಿತೆಂದು ಹೇಳುವಂತಿಲ್ಲ. ಆದರೆ ಅಲಕ್ಷ್ಯವನ್ನು ಅಳೆಯುವ ಕೋಲಾದರೂ ಇದೆ.

ಶಾಸನ ಬರುವವರೆಗೆ ನಮ್ಮ ಮೂರು ತಾಲ್ಲೂಕುಗಳವರು ಕಾಯುತ್ತ ಕೂರಬೇಕೆ? ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ. ಶೃಂಗೇರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹಿರಿಯರನ್ನು ಅಷ್ಟು ದೂರದ ದೊಡ್ಡ ಕಟ್ಟಡಗಳಿಗೆ ಕಳುಹಿಸುವುದಕ್ಕಿಂತ, ಕೊಪ್ಪ, ಬಾಳೆಹೊನ್ನೂರು, ಹರಿಹರಪುರ, ಜಯಪುರದಂತಹ ಊರುಗಳಲ್ಲಿ ಎಂಟು ಹತ್ತು ಮಂದಿ ಇರಬಹುದಾದ ಸಣ್ಣ ಮನೆಗಳು ಬೇಕು. ಸಣ್ಣ ಮನೆ ತಾನಾಗಿಯೇ ಒಳ್ಳೆಯದೆಂದು ಇದರ ಅರ್ಥವಲ್ಲ. ಸಂತೆಗೆ ಬಂದ ನೆಂಟರು, ದೇವಸ್ಥಾನಕ್ಕೆ ಹೋಗುವ ಪರಿಚಿತರು, ಹಿಂದೆ ತೋಟದಲ್ಲಿ ಕೆಲಸಕ್ಕಿದ್ದವರು ಹೇಳದೆ ಕೇಳದೆ ಒಳಗೆ ಹೊಕ್ಕು “ಅಮ್ಮ ಹೇಗಿದ್ದೀರಿ” ಎನ್ನುವಷ್ಟು ಹತ್ತಿರ ಇರಬೇಕೆಂಬುದೇ ಕಾರಣ. ಅಮೆರಿಕದವರು ಶಾಸನಮಾಡಿ ಪಡೆದ ಮುನ್ಸೂಚನೆಯಿಲ್ಲದ ತನಿಖೆ ಊರಿನೊಳಗಿನ ಮನೆಗೆ ಖರ್ಚಿಲ್ಲದೆ ದೊರೆಯುತ್ತದೆ. ಖಾಲಿಬಿದ್ದ ಉಪ್ಪರಿಗೆ ಮನೆಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಶುಶ್ರೂಷೆ ಕಲಿತ ಹೆಣ್ಣುಮಕ್ಕಳಿಗೆ ಕೊರತೆಯಿದೆ. ಅವರಿಗೆ ನಾವು ಕೊಡುವ ಸಂಬಳ ನೋಡಿದರೆ ಅದು ಆಶ್ಚರ್ಯವೇನೂ ಅಲ್ಲ.

ಇದು ಹಗಲುಗನಸೆಂದು ತಳ್ಳಿಹಾಕುವವರು ನೆರೆಯ ಕೇರಳವನ್ನು ನೋಡಬಹುದು. ಕೋಳಿಕ್ಕೋಡಿನಲ್ಲಿ 1993ರಲ್ಲಿ ವೈದ್ಯರ ಒಂದು ಸಣ್ಣ ಗುಂಪು ಆರಂಭಿಸಿದ ಉಪಶಮನ ಚಿಕಿತ್ಸೆಯ ಕೆಲಸ, 2001ರಿಂದ ನೆರೆಹೊರೆಯವರ ಜಾಲವಾಗಿ ಹಬ್ಬಿತು. ತರಬೇತಿ ಪಡೆದ ಸಾಮಾನ್ಯ ಜನರು, ಅಂಗಡಿಯವರು, ಶಿಕ್ಷಕರು, ಗೃಹಿಣಿಯರು, ವಾರಕ್ಕೆ ಕೆಲವು ಗಂಟೆ ಬಿಡುವು ಮಾಡಿಕೊಂಡು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ. ಜೊತೆಗೆ ದಾದಿಯೊಬ್ಬಳು ಇರುತ್ತಾಳೆ. 2008ರಲ್ಲಿ ಆ ರಾಜ್ಯ ಇದನ್ನು ಸರ್ಕಾರದ ನೀತಿಯಾಗಿ ಒಪ್ಪಿಕೊಂಡಿತು. ಪಂಚಾಯಿತಿಗಳೇ ಈಗ ಹೊಣೆ ಹೊತ್ತಿವೆ. ಹುಣ್ಣು ತೊಳೆಯುವುದನ್ನೂ, ಮಗ್ಗುಲು ಬದಲಿಸುವುದನ್ನೂ ಅವರು ಮನೆಯವರಿಗೆ ಕಲಿಸುತ್ತಾರೆ. ನಮ್ಮಲ್ಲಿ ಅಡಿಕೆ ಮಾರಲು ಸಹಕಾರ ಸಂಘಗಳಿವೆ, ಭಜನೆಗೆ ಮಂಡಳಿಗಳಿವೆ, ಯಕ್ಷಗಾನಕ್ಕೆ ಮೇಳಗಳಿವೆ. ವಾರಕ್ಕೊಮ್ಮೆ ಹಿಮ್ಮಡಿ ನೋಡಿಬರುವ ಸಂಘವೊಂದು ಏಕಿರಬಾರದು?

ಮಲಗಿದವರನ್ನು ಎಬ್ಬಿಸಲಾಗದೆಂಬ ನಿರಾಶೆಯೂ ಅರ್ಧ ಸುಳ್ಳು. ಲಂಡನ್ನಿನ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡಾ. ಮಾರ್ಜರಿ ವಾರನ್ ಎಂಬ ವೈದ್ಯೆಗೆ 1935ರಲ್ಲಿ ದರಿದ್ರಾಲಯವೊಂದರ ಏಳುನೂರಕ್ಕೂ ಮಿಕ್ಕ ರೋಗಿಗಳ ಹೊಣೆ ಬಂದಿತು. ಅವರಲ್ಲಿ ಎಷ್ಟೋ ಮಂದಿ ಏಳಲಾರದವರೆಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಮಲಗಿಯೇ ಇದ್ದವರು. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಕೂರಿಸಿ, ನಿಲ್ಲಿಸಿ, ನಡೆಯಿಸಿದಳು. ಹಲವರು ಮನೆಗೆ ಹಿಂದಿರುಗಿದರು. ವೃದ್ಧರ ವೈದ್ಯಶಾಸ್ತ್ರವೆಂಬುದು ಬೆಳೆದುದು ಆ ಕೆಲಸದಿಂದ. 1976ರಲ್ಲಿ ಲ್ಯಾಂಗರ್ ಮತ್ತು ರೋಡಿನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ಕನೆಟಿಕಟ್ಟಿನ ಒಂದು ವೃದ್ಧಾಲಯದಲ್ಲಿ ಮಾಡಿದ ಪ್ರಯೋಗವೂ ಕುತೂಹಲಕರವಾದುದು. ಒಂದು ಅಂತಸ್ತಿನವರಿಗೆ ಸಣ್ಣಪುಟ್ಟ ನಿರ್ಧಾರಗಳನ್ನು ತಾವೇ ಮಾಡಿಕೊಳ್ಳಲು ಹೇಳಿ, ಒಂದೊಂದು ಗಿಡ ಕೊಟ್ಟು ನೀವೇ ನೀರೆರೆಯಿರಿ ಎಂದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು. ನೀರನ್ನು ದಾದಿಯರೇ ಹಾಕುವರೆಂದರು. ಕೆಲವೇ ವಾರಗಳಲ್ಲಿ ಮೊದಲಿನವರು ಹೆಚ್ಚು ಲವಲವಿಕೆಯಿಂದ ಇದ್ದುದು ಕಂಡಿತು. ಸಣ್ಣ ಪ್ರಯೋಗವದು, ಅದರ ಮೇಲೆ ದೊಡ್ಡ ಗೋಪುರ ಕಟ್ಟಬೇಕಾಗಿಲ್ಲ. ಆದರೂ ಎಂಬತ್ತು ವರ್ಷ ಹಿತ್ತಲಿನ ಗಿಡಗಳಿಗೆ ನೀರೆರೆದ ಹೆಂಗಸನ್ನು ಗಿಡವೇ ಇಲ್ಲದ ಮೂರನೆಯ ಅಂತಸ್ತಿಗೆ ಏರಿಸಿದ ನಮಗೆ ಅದನ್ನು ಓದಿದಾಗ ಮುಖ ಎತ್ತಲಾಗಲಿಲ್ಲ.

ಈಗಾಗಲೇ ದೂರದಲ್ಲಿ ಇರಿಸಿದವರು ಏನು ಮಾಡಬೇಕು? ಹೇಳಿ ಹೋಗಬೇಡಿರಿ, ಹೇಳದೆ ಹೋಗಿರಿ, ಅದರಲ್ಲಿಯೂ ರಾತ್ರಿಯ ಊಟದ ಹೊತ್ತಿಗೆ. ನಿಮಗೆ ಆಗದಿದ್ದರೆ ಆ ಊರಿನಲ್ಲಿರುವ ಪರಿಚಿತರನ್ನು ಕಳುಹಿಸಿರಿ. ಬೇಕೆಂದ ಹೊತ್ತಿಗೆ ಒಳಗೆ ಬಿಡಲೊಲ್ಲದ ಆಶ್ರಮದಲ್ಲಿ ಒಂದು ದಿನವೂ ಇರಿಸಬೇಡಿರಿ. ಹೊದಿಕೆ ಸರಿಸಿ ನೋಡಿರಿ. ತೂಕದ ಪುಸ್ತಕ ಕೇಳಿರಿ; ಪುಸ್ತಕವಿಲ್ಲವೆಂಬುದೇ ಒಂದು ಉತ್ತರ. ಕಂಡುದನ್ನು ದಿನಾಂಕ ಹಾಕಿ ಬರೆದಿಡಿರಿ, ಹುಣ್ಣಿದ್ದರೆ ಚಿತ್ರ ತೆಗೆದಿಡಿರಿ. ಹಿರಿಯರ ಸಹಾಯಕ್ಕಾಗಿ ದೇಶಾದ್ಯಂತ 14567 ಎಂಬ ಉಚಿತ ದೂರವಾಣಿ ಇದೆ. ಜಿಲ್ಲೆಯಲ್ಲಿ ಹಿರಿಯ ನಾಗರಿಕರ ಇಲಾಖೆಯ ಅಧಿಕಾರಿಗಳೂ ಇದ್ದಾರೆ. ದೂರು ಕೊಡುವುದಕ್ಕೆ ಮುಂಚೆ ಹಿರಿಯರನ್ನು ಅಲ್ಲಿಂದ ಬೇರೆಡೆಗೆ ಸಾಗಿಸುವ ದಾರಿಯನ್ನು ಯೋಚಿಸಿಟ್ಟುಕೊಳ್ಳುವುದು ಮೇಲು. ದೂರಿನ ಕೋಪ ಯಾರ ಮೇಲೆ ತೀರುವುದೆಂದು ಹೇಳಬೇಕಾಗಿಲ್ಲ. ನಾವು ದೂರು ಕೊಡಲಿಲ್ಲ. ಅಲ್ಲಿ ಇನ್ನೂ ಇಪ್ಪತ್ತೊಂದು ಮಂದಿ ಇದ್ದರೆಂಬುದು ಆಗ ನೆನಪಿಗೆ ಬರಲಿಲ್ಲ, ಈಗ ಬರುತ್ತಿದೆ.

ದೊಡ್ಡಮ್ಮನವರನ್ನು ನಾವು ಹರಿಹರಪುರದ ಕಡೆಯ ನೆಂಟರ ಮನೆಗೆ ಕರೆತಂದೆವು. ನೆರೆಯ ಇಬ್ಬರು ಹೆಂಗಸರು ಸರದಿಯಂತೆ ಹಗಲು ರಾತ್ರಿ ನೋಡಿಕೊಳ್ಳುತ್ತಾರೆ. ಸಂಬಳದ ಖರ್ಚನ್ನು ನಾಲ್ಕು ಮನೆಗಳವರು ಹಂಚಿಕೊಂಡಿದ್ದೇವೆ. ಟೊಂಕದ ಹುಣ್ಣು ಎರಡು ತಿಂಗಳಿನಲ್ಲಿ ಮಾಯಿತು. ಹಿಮ್ಮಡಿಯದು ಮಾಯಲು ಐದು ತಿಂಗಳು ಹಿಡಿಯಿತು, ಗುರುತು ಹಾಗೆಯೇ ಇದೆ. ತೂಗುವುದಕ್ಕೆ ಬೇರೆ ಸಾಧನವಿಲ್ಲದ್ದರಿಂದ ತಿಂಗಳ ಮೊದಲ ಸೋಮವಾರ ಅಡಿಕೆ ಮೂಟೆ ತೂಗುವ ಹಲಗೆ ತಕ್ಕಡಿಯ ಮೇಲೆ ಕುರ್ಚಿಯಿಟ್ಟು ಅವರನ್ನು ಕೂರಿಸಿ, ಕುರ್ಚಿಯ ತೂಕ ಕಳೆಯುತ್ತೇವೆ. ಬಂದಾಗ 34 ಕಿಲೋ ಇತ್ತು. ಕಳೆದ ತಿಂಗಳು 39. ಅಡಿಕೆಯ ಈಗಿನ ಧಾರಣೆಯಲ್ಲಿ ತಮಗೆ ಎಷ್ಟು ಬೆಲೆ ಬರುತ್ತದೆಂದು ಅವರು ಪ್ರತಿ ಸಲವೂ ಕೇಳುತ್ತಾರೆ, ನಾವು ಲೆಕ್ಕಮಾಡಿ ಹೇಳುತ್ತೇವೆ.